ಗುಂಡನ ಮುದ್ರಿ

ಜೇವರ್ಗಿ ಕೋರ್ಟಿನೆದುರು ಸುಸಲಾ-ಮಿರ್ಚಿ ಬಂಡಿ. ಅಫಜಲಪುರದ ವಕೀಲ, ಆಳಂದದ ಟೈಪಿಸ್ಟ್ ಕಾಕಾ.

‘ಕಾಕಾ, ನೋಟರಿ ಆಗಬೇಕಂತ ಮಾಡೀನ್ರಿ. 5 ಸೆಂಟಿಮೀಟರಿನ ಗುಂಡನ ಮುದ್ರಿ ಕೈಯಾಗ ಇದ್ರ ಮಂದಿ ಎದ್ದು ನಿಂದರ್ತಾರ.’

‘10 ವರ್ಷ ವಕೀಲಿಕಿ ಆಗ್ಯಾದೇನೋ?’

‘12 ಆಗ್ಯಾವ್ರಿ. ಆದ್ರ ಭೀಮಾ ದಂಡಿ ಉಸುಕಿಂದು ಒಂದು ಕೇಸ್ ಅದ...’

‘ಶಿಕ್ಷಾ ಆಗ್ಯಾದೇನು?’

‘ಇಲ್ರಿ. ತಾರೀಖು ಬೀಳಲಿಕ್ಕತ್ಯಾವ.’

‘ಬಿದ್ದಷ್ಟೂ ಪುಣ್ಯ. 1952ರ ನೋಟರಿ ಕಾಯ್ದೆ, 10ನೇ ಕಲಂ. ನೈತಿಕ ಅಧಃಪತನದ ಅಪರಾಧಕ್ಕ ಶಿಕ್ಷಾ ಆತು ಅಂದ್ರ ಪಟ್ಟಿಯಿಂದ ಹೆಸರು ತೆಗೀಬಹುದು.’

‘ಅಧಃಪತನ ಅಂದ್ರೇನ್ರಿ?’

‘ಅದನ್ನ ಕಾಯ್ದೆ ಬಿಡಿಸಿ ಹೇಳಿಲ್ಲ.’

‘ಉಸುಕು ತೆಗದು ತೆಗದು ನದಿ ಇಳದದ ಕಾಕಾ, ನಾ ಇಳದಿಲ್ಲ.’

‘ಅಷ್ಟು ಅಂಜಿಕಿ ಇದ್ರ ಎಲೆಕ್ಷನ್ನಿಗೆ ನಿಂದ್ರು. ನಡದ ಕೇಸ್ ಎಷ್ಟರೆ ಇರ್ಲಿ, ನಮೂನೆ 26ರಾಗ ಬರದು ಆಣಿ ಮಾಡಿದ್ರ ನಾಮಪತ್ರ ತಗೋತಾರ.’

‘ಆಣಿ ಯಾರ ಮುಂದ ಮಾಡ್ಬೇಕ್ರಿ?’

‘ಮ್ಯಾಜಿಸ್ಟ್ರೇಟರ ಮುಂದ ಮಾಡು, ಇಲ್ಲಾಂದ್ರ ನೋಟರಿ ಮುಂದ. ನೋಟರಿ ಮಾತ್ರ ಸ್ವಚ್ಛ ಇರಬೇಕು, ನೋಡಪಾ.’

ವಕೀಲ ಮಿರ್ಚಿ ಮುರಿದ. ಖಾರಕ್ಕೋ ಆಸೆಗೋ, ಕಣ್ಣಲ್ಲಿ ನೀರು.

‘ಆಳಂದ, ಅಫಜಲಪುರ, ಜೇವರ್ಗಿ... ಯಾವ ಸೀಟ್ ಹಗುರ ಅದ ಕಾಕಾ?’