ರೂಟ್ ಸಾಹೇಬರ ಕೈಕೆಳಗಿನ ಕಡತದ ಹೇಳಿಕೆ

ಲಾಗ್ ಎಂಬುದು ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿ. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು, ಯಾರ ಪಾಸ್‌ವರ್ಡ್ ತಪ್ಪಿತು, ಯಾವ ಸೇವೆ ನಿಂತಿತು ಎಂಬುದೆಲ್ಲ ಅಲ್ಲಿರುತ್ತದೆ. ಒಳನುಗ್ಗಿದವರು ಅಳಿಸಲು ನೋಡುವುದೂ ಅದನ್ನೇ. ಲಿನಕ್ಸ್ ಸರ್ವರೊಂದರ ಲಾಗ್ ಕಡತ ಕೊಟ್ಟ ಹೇಳಿಕೆ ಕೆಳಗಿದೆ. ದಾಖಲೆಯ ಭಾಷೆಯಲ್ಲಿ ‘ನಾನು’ ಸಲ್ಲದಾದ್ದರಿಂದ ಅದು ತನ್ನನ್ನು ‘ಈ ಕಡತ’ ಎಂದೇ ಕರೆದುಕೊಂಡಿದೆ.

ಪ್ರಶ್ನೆ: ರಾತ್ರಿ 2ರಿಂದ 3 ಗಂಟೆಯವರೆಗೆ ಏನೂ ದಾಖಲಾಗಿಲ್ಲವಲ್ಲ?

ಉತ್ತರ: ದಾಖಲಾಗಿತ್ತು. ರೂಟ್ ಸಾಹೇಬರು ಬಂದು ತೆಗೆಸಿದರು.

ಪ್ರಶ್ನೆ: ಬಂದವನು ಕಳ್ಳ.

ಉತ್ತರ: ರೂಟ್ ಎಂದರೆ ಈ ಯಂತ್ರದ ಪರಮಾಧಿಕಾರ. ಅದು ಯಾರ ಕೈಯಲ್ಲಿದೆಯೋ ಅವರೇ ಸಾಹೇಬರು. ಮುಖ ನೋಡುವ ಪದ್ಧತಿ ಇಲ್ಲಿಲ್ಲ.

ಪ್ರಶ್ನೆ: ಸೇರಿಸಬಹುದು, ಅಳಿಸಬಾರದು ಎಂಬ ‘ಅಪೆಂಡ್-ಓನ್ಲಿ’ ಗುರುತು ಹಾಕಿರಲಿಲ್ಲವೇ?

ಉತ್ತರ: ಹಾಕಿತ್ತು. ಅದನ್ನು ತೆಗೆಯುವ ಅಧಿಕಾರವೂ ಸಾಹೇಬರಿಗೇ ಇದೆ. ವಿಂಡೋಸಿನ ಕಡತಗಳಿಗೆ ಸ್ವಲ್ಪ ಮಾನವಿದೆ: ಸೆಕ್ಯುರಿಟಿ ಲಾಗ್ ಬರಿದು ಮಾಡಿದರೆ, ಯಾವ ಖಾತೆಯಿಂದ ಎಂಬುದರ ಸಮೇತ 1102 ಸಂಖ್ಯೆಯ ನಮೂದು ಬೀಳುತ್ತದೆ.

ಪ್ರಶ್ನೆ: ಕಳ್ಳನ ಕೈಗೆ ಸಿಗದ ಲಾಗ್ ಇದ್ದದ್ದೇ ಇಲ್ಲವೇ?

ಉತ್ತರ: ಉಂಟು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಲೆಕ್ಕದಲ್ಲಿ 75 ಸೆಂಟ್ ಹೊಂದಲಿಲ್ಲ. ಅದನ್ನು ಬೆನ್ನಟ್ಟಿದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್, ಹೊರಗಿನಿಂದ ಬರುವ ಲೈನುಗಳಿಗೆ ಪ್ರಿಂಟರ್ ಜೋಡಿಸಿದರು. ಕಳ್ಳ ಒತ್ತಿದ್ದೆಲ್ಲ ಕಾಗದಕ್ಕಿಳಿಯಿತು. ಯಂತ್ರದೊಳಗೆ ಅವನು ಎಂಥ ಸಾಹೇಬನಾದರೇನು, ಹೊರಗೊಂದು ಪ್ರಿಂಟರ್ ಓಡುತ್ತಿರುವುದು ಅವನಿಗೆ ಕಾಣುವಂತಿರಲಿಲ್ಲ. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರಿಗೆ, ಮಾರ್ಕಸ್ ಹೆಸ್ ಎಂಬವನ ಬಳಿಗೆ ಮುಟ್ಟಿತು. ಮಾಹಿತಿ ಮಾರಾಟವಾಗುತ್ತಿದ್ದದ್ದು ಸೋವಿಯತ್ ಕೆಜಿಬಿಗೆ. ಈ ಕಡತದ ವಂಶದಲ್ಲಿ ಹೆಮ್ಮೆಪಡುವಂಥದ್ದು ಆ ಕಾಗದದ ಸುರುಳಿಗಳೇ.

ಪ್ರಶ್ನೆ: ಈಗ ಪ್ರಿಂಟರಿನ ಜಾಗದಲ್ಲಿ ಏನಿದೆ?

ಉತ್ತರ: ಬೇರೊಂದು ಯಂತ್ರ. ಬರೆದ ಕೂಡಲೇ ಪ್ರತಿ ಅಲ್ಲಿಗೆ ಹೋಗಬೇಕು. ಅಲ್ಲಿನ ಪಾಸ್‌ವರ್ಡ್ ಇಲ್ಲಿಯದಾಗಿರಬಾರದು. ಲಾಗ್ ಸಾಗಿಸುವ ಹಳೆಯ ಸಿಸ್‌ಲಾಗ್ ಪದ್ಧತಿ ಯುಡಿಪಿ ಪೋರ್ಟ್ 514ರಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತದೆ: ತಲುಪಿತೋ ಇಲ್ಲವೋ ಕೇಳುವುದಿಲ್ಲ, ಸುಳ್ಳು ಹೆಸರಿನಲ್ಲಿ ಬಂದದ್ದನ್ನೂ ನಂಬುತ್ತದೆ. ಆದ್ದರಿಂದ ಈಗ ಗೂಢಲಿಪಿಯಲ್ಲಿ, ಗುರುತು ನೋಡಿ ಸಾಗಿಸುವ ಟಿಎಲ್‌ಎಸ್.

ಪ್ರಶ್ನೆ: ತಿದ್ದಿದರೆ ಗೊತ್ತಾಗುವಂತೆ ನಮೂದುಗಳಿಗೆ ಮುದ್ರೆ ಒತ್ತುವ ವಿಷಯ?

ಉತ್ತರ: ಗೂಢಲಿಪಿ ತಜ್ಞರಾದ ಬ್ರೂಸ್ ಷ್ನೈಯರ್ ಮತ್ತು ಜಾನ್ ಕೆಲ್ಸಿ 1990ರ ದಶಕದ ಕೊನೆಗೆ ದಾರಿ ತೋರಿಸಿದರು. ಪ್ರತಿ ನಮೂದೂ ಹಿಂದಿನದರ ಹ್ಯಾಶ್‌ಗೆ, ಅಂದರೆ ಅದರಿಂದ ಲೆಕ್ಕಹಾಕಿದ ಬೆರಳಚ್ಚಿಗೆ, ಬೆಸೆದಿರುತ್ತದೆ. ಗುಪ್ತ ಕೀಲಿಯಿಂದ ಮುದ್ರೆ ಒತ್ತಿ, ಆ ಕೀಲಿಯಿಂದಲೇ ಹೊಸದನ್ನು ಹುಟ್ಟಿಸಿ, ಹಳೆಯದನ್ನು ಅಳಿಸಲಾಗುತ್ತದೆ. ಮೊದಲ ಕೀಲಿ ಮಾತ್ರ ಬೇರೆಡೆ ಭದ್ರ. ಇಂದು ನುಗ್ಗಿದವನಿಗೆ ನಿನ್ನೆಯ ಮುದ್ರೆ ಒತ್ತಲಾಗದು. ಆದರೆ ನುಗ್ಗಿದ ಮೇಲೆ ಅವನು ಬರೆಸುವ ಸುಳ್ಳಿಗೂ ಅಸಲಿ ಮುದ್ರೆಯೇ ಬೀಳುತ್ತದೆ. ಮುದ್ರೆ ಅಳಿಸುವುದನ್ನು ತಡೆಯುವುದೂ ಇಲ್ಲ, ಅಳಿಸಿದ್ದನ್ನು ಹೇಳುತ್ತದೆ, ಅಷ್ಟೆ.

ಪ್ರಶ್ನೆ: ಕಾನೂನು?

ಉತ್ತರ: ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಇಟ್ಟಿರಬೇಕು. ಅತಿಕ್ರಮಣ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು.

ಪ್ರಶ್ನೆ: ಗೊತ್ತಾಗಬೇಕಾದರೆ ಓದಬೇಕಲ್ಲ?

ಉತ್ತರ: ಈ ಕಡತವನ್ನು ಇದುವರೆಗೆ ಪೂರ್ತಿ ಓದಿದವನು ಆ ಕಳ್ಳನೊಬ್ಬನೇ.