ಬುಟ್ಟಿಗೆ ಬಿದ್ದವರು

(ಸ್ಯಾನ್ ಫ್ರಾನ್ಸಿಸ್ಕೊದಲ್ಲೊಂದು ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯ. ಮಗಳ ಮನೆಗೆ ಬಂದಿರುವ ಮಾವ, ಟಿಕೆಟ್ ಕೊಂಡ ಅಳಿಯ.)

ಮಾವ: ಅಳಿಯಂದಿರೇ, ಇವರಲ್ಲಿ ನಿಮ್ಮ ದೇವರು ಯಾರು?

ಅಳಿಯ: ಅಗೋ, ಕೋಟು ಹಾಕ್ಕೊಂಡು ಬೆಂಚಲ್ಲಿ ಕೂತಿದಾನಲ್ಲ, ಅವನೇ.

ಮಾವ: ಪಾಪ, ಏಟಾಗಿದೆಯಾ?

ಅಳಿಯ: ಇಲ್ಲ ಮಾವ, ವಿಶ್ರಾಂತಿ. ‘ಲೋಡ್ ಮ್ಯಾನೇಜ್‌ಮೆಂಟ್’ ಅಂತಾರೆ. ಸೀಸನ್‌ಗೆ 82 ಪಂದ್ಯ ನೋಡಿ.

ಮಾವ: ನಮ್ಮ ಆಫೀಸಲ್ಲೂ ಇತ್ತು. ಕುರ್ಚಿಗೆ ಕೋಟು ನೇತುಹಾಕಿ ಕಾಫಿಗೆ ಹೋಗ್ತಿದ್ವಿ. ಇವನೇ ವಾಸಿ, ಕೋಟಿನೊಳಗೆ ತಾನೂ ಇದಾನೆ.

ಅಳಿಯ: 2023ರಲ್ಲಿ ಬಿಗಿ ಮಾಡಿದ್ರು. 65 ಪಂದ್ಯ ಆಡದಿದ್ರೆ ದೊಡ್ಡ ಪ್ರಶಸ್ತಿ ಇಲ್ಲ ಅಂತ.

ಮಾವ: ಹಾಜರಿ ಪುಸ್ತಕ! ಅವನು ಬರದ ದಿನ ಟಿಕೆಟ್‌ಗೆ ರಿಯಾಯಿತಿ?

ಅಳಿಯ: ಎಲ್ಲಿದೆ? ಪೂರ್ತಿ ದುಡ್ಡು.

ಮಾವ: ಓಹೋ, ಲೋಡು ನಿಮ್ಮದು, ಮ್ಯಾನೇಜ್‌ಮೆಂಟು ಅವರದು. ಅಲ್ಲ, ಎದುರಿನವರು ಸೋಲ್ತಿದ್ರೂ ನಗ್ತಿದಾರಲ್ಲ?

ಅಳಿಯ: ಸೋತಷ್ಟೂ ಲಾಭ. ಹೊಸ ಹುಡುಗರನ್ನ ಆರಿಸೋಕೆ ಲಾಟರಿ ಇದೆ. 2025ರಲ್ಲಿ ತೀರಾ ಕೆಟ್ಟ ಮೂರು ತಂಡಕ್ಕೆ ಮೊದಲ ಆಯ್ಕೆಗೆ ತಲಾ ಶೇ. 14 ಅವಕಾಶ ಇತ್ತು.

ಮಾವ: ಯಾರಿಗೆ ಹೊಡೀತು?

ಅಳಿಯ: ಡಲ್ಲಾಸ್‌ಗೆ. ಅವರಿಗಿದ್ದದ್ದು ಶೇ. 1.8.

ಮಾವ: ಛೆ! ಪ್ರಾಮಾಣಿಕವಾಗಿ ಸೋತವರಿಗೂ ಬೆಲೆ ಇಲ್ವೆ?

ಅಳಿಯ: ಸಾಕಾಯ್ತು ಮಾವ, ಇನ್ನು ನೋಡಲ್ಲ.

ಮಾವ: ಹಾಗನ್ನಬೇಡಿ. ಚೆಂಡು ಎಷ್ಟೋ ಸಲ ಬುಟ್ಟಿ ತಪ್ಪಿತು, ನೀವು ಒಂದು ಸಲಾನೂ ತಪ್ಪಲಿಲ್ಲ. ಮುಂದಿನ ಪಂದ್ಯ ಯಾವಾಗ?

ಅಳಿಯ: ಶುಕ್ರವಾರ. ಟಿಕೆಟ್ ಆಗಲೇ ಕೊಂಡಾಗಿದೆ, ವಾಪಸ್ ತಗೊಳಲ್ಲ.