ಎತ್ತು-ಎಮ್ಮೆ ನಿಯಮ: ವಿಜ್ಞಾನ ಸಂಸ್ಥೆಗಳ ಲಿಂಗಸಮಾನತೆ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ

ಬೀಳುವ ಹಣ್ಣಿಗೊಂದು ನಿಯಮವಿದೆ, ತೇಲುವ ಹಡಗಿಗೊಂದು ನಿಯಮವಿದೆ. ಈ ನಿಯಮಗಳನ್ನು ಕಲಿಸುವ ಸಂಸ್ಥೆಗಳು ಯಾವ ನಿಯಮದಂತೆ ನಡೆಯುತ್ತವೆ ಎಂಬುದನ್ನು ಮಾತ್ರ ಯಾವ ವಿಜ್ಞಾನಿಯೂ ಸೂತ್ರಕ್ಕೆ ಇಳಿಸಿಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ. ನಿಯಮವೇನೂ ಹೊಸದಲ್ಲ, ನಮ್ಮ ಹಳ್ಳಿಗರಿಗೆ ಗೊತ್ತಿದ್ದದ್ದೇ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸಂಸ್ಥೆಯಲ್ಲಿ ದೋಷ ಯಾರದೇ ಇರಲಿ, ಚಿಕಿತ್ಸೆ ಅಲ್ಲಿರುವ ಹೆಣ್ಣಿಗೆ ಸಲ್ಲತಕ್ಕದ್ದು.

ಪ್ರಮೇಯ 1: ಚದುರುವಿಕೆ

ಬೆಳಕು ಹೇಗೆ ಚದುರುತ್ತದೆಂದು 1928ರಲ್ಲಿ ಕಂಡುಹಿಡಿದು 1930ರಲ್ಲಿ ನೊಬೆಲ್ ಪಡೆದವರು ಸಿ.ವಿ. ರಾಮನ್. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ ಇನ್ನೊಂದು ಬಗೆಯ ಚದುರುವಿಕೆಯ ಪ್ರಶ್ನೆ ಎದುರಾಯಿತು. ಕಮಲಾ ಭಾಗವತ್ ಎಂಬ ಪದವೀಧರೆ ಪ್ರವೇಶ ಕೇಳಿಕೊಂಡು ಬಂದರು. ಹೆಣ್ಣೆಂಬ ಕಾರಣಕ್ಕೆ ಇಲ್ಲವೆಂದಾಯಿತು. ಅವರು ಸತ್ಯಾಗ್ರಹದ ಮಾತೆತ್ತಿದ ಮೇಲೆ ಷರತ್ತುಬದ್ಧ ಅನುಮತಿ ದೊರೆಯಿತು: ಮೊದಲ ವರ್ಷ ಪ್ರೊಬೇಷನ್, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ, ಮತ್ತು ಗಂಡು ಸಂಶೋಧಕರ ಚಿತ್ತ ಕದಡಬಾರದು.

ಓದುಗರು ಪ್ರಯೋಗದ ವಿನ್ಯಾಸವನ್ನು ಗಮನಿಸಬೇಕು. ಚಂಚಲವಾಗುವ ಸಂಭವವಿದ್ದದ್ದು ಗಂಡಸರ ಚಿತ್ತ, ಪ್ರೊಬೇಷನ್ ಮಾತ್ರ ಕಮಲಾಗೆ. ಆ ವರ್ಷ ಎಷ್ಟು ಗಂಡಸರು ಎಷ್ಟು ಡಿಗ್ರಿ ಚದುರಿದರೆಂದು ಯಾರೂ ಅಳೆಯಲಿಲ್ಲ. ಆಕೆಯಾದರೋ ಹಾಲು, ಬೇಳೆಕಾಳುಗಳ ಪ್ರೋಟೀನ್ ಅಳೆಯುತ್ತ ಕುಳಿತರು. 1936ರಲ್ಲಿ ಎಂ.ಎಸ್ಸಿ., 1939ರಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ. ಪಡೆದರು. ರಾಮನ್ ಆಮೇಲೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆದರೆಂಬುದನ್ನೂ ದಾಖಲಿಸಬೇಕು. ಪ್ರಮಾಣ ಕಂಡರೆ ಮತ ಬದಲಿಸುವುದು ವಿಜ್ಞಾನಿಯ ಲಕ್ಷಣ. ಸಮಿತಿಗಳಲ್ಲಿ ಈ ಲಕ್ಷಣ ಅಪರೂಪ.

ಪ್ರಮೇಯ 2: ನಿಯಮಾವಳಿ

ಅನ್ನಾ ಮಣಿ 1940ರಲ್ಲಿ ರಾಮನ್ನರ ಪ್ರಯೋಗಾಲಯ ಸೇರಿ, ವಜ್ರ ಮತ್ತು ಮಾಣಿಕ್ಯಗಳ ರೋಹಿತ ಅಧ್ಯಯನ ಮಾಡಿ, 1945ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು. ಪ್ರಬಂಧದಲ್ಲಿ ದೋಷವಿತ್ತೆಂದು ಯಾರೂ ಹೇಳಲಿಲ್ಲ. ವಜ್ರ ಅತ್ಯಂತ ಗಡಸು ವಸ್ತುವೆಂಬ ನಂಬಿಕೆಯನ್ನು ಇಲ್ಲಿ ತಿದ್ದಬೇಕಾಗಿದೆ. ಅದಕ್ಕಿಂತ ಗಡಸು ವಿಶ್ವವಿದ್ಯಾಲಯದ ನಿಯಮಾವಳಿ. ಪಿಎಚ್.ಡಿ. ಇಲ್ಲದ ಮಣಿಯವರು ದೇಶದ ಹವಾಮಾನ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆ ಕಟ್ಟಿದರು.

ಪ್ರಮೇಯ 3: ಆಧುನಿಕ ಚಿಕಿತ್ಸೆ

ಬರೆಯ ವಿಧಾನ ಈಗ ಸುಧಾರಿಸಿದೆ. ಸಂದರ್ಶನದಲ್ಲಿ ಕೆಲವರು ಹೆಣ್ಣಿಗೆ ಮಾತ್ರ ಕೇಳುವ ವಿಶೇಷ ಪ್ರಶ್ನೆಗಳಿವೆ: "ಮದುವೆ ಯಾವಾಗಮ್ಮಾ? ಯಜಮಾನರು ಯಾವ ಊರಲ್ಲಿದ್ದಾರೆ? ಮಗು ಯಾರ ಹತ್ತಿರ ಇರುತ್ತೆ?" ಮಗುವಿಗೆ ಅಪ್ಪನೂ ಇರುತ್ತಾನೆಂಬುದು ಜೀವವಿಜ್ಞಾನ ವಿಭಾಗದ ಸಂದರ್ಶಕರಿಗೂ ಆಗ ನೆನಪಾಗುವುದಿಲ್ಲ. ಕಾಯ್ದೆಯೂ ಅಷ್ಟೇ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರ ಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ತಂದೆ ಎಷ್ಟು ಸಲ ಹೋಗಬಹುದೆಂದು ಅದು ಹೇಳುವುದಿಲ್ಲ.

ಇನ್ನು ಮಾರ್ಚ್ 8. ಅಂದು ಗುಲಾಬಿ ಹಂಚಿ, ರಂಗೋಲಿ ಸ್ಪರ್ಧೆ ನಡೆಸಿ, ಮಹಿಳೆಯರಿಗೆ ಆತ್ಮವಿಶ್ವಾಸದ ಬಗ್ಗೆ ಉಪನ್ಯಾಸ ಏರ್ಪಡಿಸುವುದು ಪರಿಪಾಠ. ಉಪನ್ಯಾಸಕರಲ್ಲಿ ಆತ್ಮವಿಶ್ವಾಸ ಧಾರಾಳವಾಗಿಯೇ ಇರುತ್ತದೆ.

ಉಪಪ್ರಮೇಯ: ಪ್ರತಿ ಸಮಿತಿಯಲ್ಲೂ ಒಬ್ಬ ಮಹಿಳೆ ಇರಲೇಬೇಕು. ವಿಭಾಗದಲ್ಲಿರುವುದು ಒಬ್ಬರೇ. ಆದ್ದರಿಂದ ಅವರು ಎಲ್ಲ ಸಮಿತಿಗಳಲ್ಲೂ ಇರುತ್ತಾರೆ. ವರ್ಷದ ಕೊನೆಗೆ ಅವರ ಪ್ರಕಟಣೆಗಳು ಏಕೆ ಕಡಿಮೆಯಾದವೆಂದು ಪರಿಶೀಲಿಸಲು ಹೊಸ ಸಮಿತಿ ರಚನೆಯಾಗುತ್ತದೆ. ಅದರಲ್ಲೂ ಒಬ್ಬ ಮಹಿಳೆ ಬೇಕು.

ಪೂರ್ವಪಕ್ಷ ಮತ್ತು ಸಮಾಧಾನ

"ಸಂಸ್ಥೆಗಳಿಗೇನೋ ಮನಸ್ಸಿದೆ, ಸಮರ್ಥ ಮಹಿಳೆಯರೇ ಸಿಗುವುದಿಲ್ಲ" ಎಂಬುದು ಪೂರ್ವಪಕ್ಷ. ಇದನ್ನು ಖಗೋಳಶಾಸ್ತ್ರದ ನೆರವಿನಿಂದ ಪರೀಕ್ಷಿಸೋಣ. 1942ರಲ್ಲಿ ಹುಟ್ಟಿದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ (ಸಿ.ಎಸ್.ಐ.ಆರ್.) ಮೊದಲ ಮಹಿಳಾ ಮಹಾನಿರ್ದೇಶಕರಾಗಿ ಎನ್. ಕಲೈಸೆಲ್ವಿ ಬಂದದ್ದು 2022ರಲ್ಲಿ, ಅಂದರೆ 80 ವರ್ಷಕ್ಕೆ. 1935ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚಂದ್ರಿಮಾ ಶಹಾ ಮೊದಲ ಮಹಿಳಾ ಅಧ್ಯಕ್ಷರಾದದ್ದು 2020ರಲ್ಲಿ, 85 ವರ್ಷಕ್ಕೆ. ಹ್ಯಾಲಿ ಧೂಮಕೇತು ಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆ. ಪೂರ್ವಪಕ್ಷ ನಿಜವಾದರೆ, ಸಮರ್ಥ ಮಹಿಳೆ ಧೂಮಕೇತುವಿಗಿಂತ ನಿಧಾನವಾಗಿ ಚಲಿಸುವ ಆಕಾಶಕಾಯವೆಂದು ಒಪ್ಪಬೇಕಾಗುತ್ತದೆ. ಒಪ್ಪದವರು ದೂರದರ್ಶಕವನ್ನು ಆಯ್ಕೆ ಸಮಿತಿಯ ಕಡೆ ತಿರುಗಿಸಬಹುದು.

ಅಪವಾದ

ನಿಯಮವನ್ನು ಮುರಿಯುವ ಯತ್ನವೊಂದು 2020ರಲ್ಲಿ ನಡೆಯಿತು. ಬ್ರಿಟನ್ನಿನಲ್ಲಿ 2005ರಲ್ಲಿ ಶುರುವಾದ ಅಥೀನಾ ಸ್ವಾನ್ ಎಂಬ ಲಿಂಗಸಮಾನತೆ ಯೋಜನೆಯ ಮಾದರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ಗತಿ’ ಕಾರ್ಯಕ್ರಮ ಆರಂಭಿಸಿತು. ಇದು ಹೆಣ್ಣನ್ನು ತಿದ್ದಹೊರಟ ಯೋಜನೆಯಲ್ಲ. ನಿಮ್ಮಲ್ಲಿ ನೇಮಕ, ಬಡ್ತಿ ಹೇಗೆ ನಡೆಯುತ್ತವೆ, ಲೆಕ್ಕ ತೆಗೆದು ನೋಡಿಕೊಳ್ಳಿ ಎಂದು ಸಂಸ್ಥೆಗೇ ಹೇಳುತ್ತದೆ. ಥರ್ಮಾಮೀಟರ್ ಎತ್ತಿನ ಬಾಯಿಗೆ ಹೋದದ್ದು ಈ ಶಾಸ್ತ್ರದ ಇತಿಹಾಸದಲ್ಲಿ ದೊಡ್ಡ ಘಟನೆ.

ನಿರ್ಣಯ

ವಿಜ್ಞಾನ ಸಂಸ್ಥೆಗಳ ಮುಖ್ಯಸ್ಥರಲ್ಲಿ ಪ್ರಬಂಧಕಾರನ ವಿನಂತಿ ಇಷ್ಟೇ. ಅರ್ಜಿ ಹಾಕಿದ, ಸಂದರ್ಶನಕ್ಕೆ ಬಂದ, ನೇಮಕಗೊಂಡ ಹೆಂಗಸರ, ಗಂಡಸರ ಸಂಖ್ಯೆಯನ್ನು ಪ್ರತಿವರ್ಷ ಪ್ರಕಟಿಸಿ. ಪ್ರಯೋಗಾಲಯ ತೆರೆದಿರುವಷ್ಟು ಹೊತ್ತೂ ಶಿಶುವಿಹಾರ ತೆರೆದಿರಲಿ. ಮಗುವಿನ ಪ್ರಶ್ನೆಯನ್ನು ಅಪ್ಪನಿಗೂ ಕೇಳಿ, ಇಲ್ಲವೇ ಯಾರಿಗೂ ಕೇಳಬೇಡಿ. ಇವುಗಳಲ್ಲಿ ಯಾವುದಕ್ಕೂ ಹೊಸ ಸಮಿತಿ ಬೇಕಿಲ್ಲ.